ಹೆಬ್ಬೆರಳುದ್ದದ ಮಚ್ಚಿಗೆ ಬೆಂಕಿಯ ಬಣ್ಣ

ನಮ್ಮ ಮನೆಯ ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ, ಜೀರಿಗೆ ಹುಡುಕಬೇಡಿ. ಏಳು ಬಟ್ಟಲುಗಳ ಆ ಸ್ಟೀಲ್ ಡಬ್ಬಿಯಲ್ಲಿ ಈಗ ಎರಡು ಫಿರಂಗಿ, ನಾಲ್ಕು ಬಂದೂಕು, ಒಂದು ಗದೆ, ಹಿಡಿ ಮುರಿದ ಒಂದು ಕತ್ತಿ ಮತ್ತು ಇನ್ನೂ ಬಣ್ಣ ಕಾಣದ ಒಂದಷ್ಟು ಈಟಿಗಳಿವೆ. ಯಾವುದೂ ನನ್ನ ಹೆಬ್ಬೆರಳಿಗಿಂತ ಉದ್ದವಿಲ್ಲ. ಸಾಸಿವೆ, ಜೀರಿಗೆಗಳು ಹಳೆಯ ಉಪ್ಪಿನಕಾಯಿ ಬಾಟಲಿಗಳಿಗೆ ವಲಸೆ ಹೋಗಿ ಎರಡು ವರ್ಷವಾಯಿತು. ವಲಸೆಯ ಮೊದಲ ವಾರ ನಮ್ಮ ಯಜಮಾನರು ಅಭ್ಯಾಸಬಲದಿಂದ ಡಬ್ಬಿಗೆ ಕೈ ಹಾಕಿ ಕಾದ ಎಣ್ಣೆಗೆ ಮೂರು ಬಂದೂಕು ಹಾಕಿದರು. ಅವು ಸಿಡಿಯಲಿಲ್ಲ, ಕರಗಿದವು. ಬಂದೂಕುಗಳ ಜೊತೆ ಬಾಣಲೆಯೂ ಹೋಯಿತು. "ಮನೇಲಿ ಹೆಂಡ್ತಿ ಮದ್ದುಗುಂಡು ಇಟ್ಕಂಡವ್ಳೆ ಕಣ್ರೀ, ಉಪ್ಪಿಟ್ಟು ಮಾಡಕ್ಕೆ ಹೋಗಿ ಯುದ್ಧ ಮಾಡ್ಬುಟ್ಟೆ" ಎಂದು ಅವರು ತಮ್ಮ ಜೆರಾಕ್ಸ್ ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ಹುಣಸೂರಿನಲ್ಲಿ ಜೆರಾಕ್ಸ್ ಅಂಗಡಿಗೆ ಹೋಗದವರು ಯಾರಿದ್ದಾರೆ? ಹೀಗೆ ನನ್ನ ಹುಚ್ಚು ಊರಿಗೆಲ್ಲ ತಿಳಿಯಿತು.

ನೀವು ಬೇರೆ ಕಡೆಯಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನನಗೆ ನಲವತ್ತೆಂಟು ವರ್ಷ. ಗಾವಡಗೆರೆ ಕಡೆಯ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಜಿರಳೆ ಕಂಡರೆ ಕುರ್ಚಿ ಹತ್ತುತ್ತೇನೆ. ಆಯುಧಗಳಿಗೂ ನನಗೂ ಇರುವ ನಂಟು ಬಣ್ಣದ್ದು ಮಾತ್ರ. ಪ್ಲಾಸ್ಟಿಕ್ಕಿನ ಪುಟ್ಟ ಆಯುಧಗಳನ್ನು ತರಿಸಿಕೊಂಡು, ಅವು ಕಬ್ಬಿಣದವೇ ಎಂದು ನೋಡುವವರ ಕಣ್ಣು ನಂಬುವಂತೆ ಬಣ್ಣ ಹಚ್ಚುತ್ತೇನೆ. ಅದರಲ್ಲೂ ಬರಿಯ ಕಬ್ಬಿಣವಲ್ಲ, ಬೆಂಕಿ ಕಂಡ ಕಬ್ಬಿಣ. ಬೈಕಿನ ಸೈಲೆನ್ಸರ್ ಪೈಪು ಇಂಜಿನ್ನಿಗೆ ಸೇರುವ ಬಾಗನ್ನು ನೋಡಿದ್ದೀರಲ್ಲ? ಕಾದು ಕಾದು ಅಲ್ಲಿ ಹೊಂಬಣ್ಣ, ಕಂದು, ನೇರಳೆ, ನೀಲಿ ಪಟ್ಟೆಗಳು ಒಂದರ ಅಂಚಿಗೆ ಇನ್ನೊಂದು ಮೂಡಿರುತ್ತವೆ. ಅಂಥ ಪಟ್ಟೆಗಳನ್ನು ಕಿರುಬೆರಳಿನಷ್ಟು ಬಂದೂಕಿನ ನಳಿಗೆಯ ತುದಿಗೆ ತರುವುದೇ ನನ್ನ ಹುಚ್ಚು. ಈಗಷ್ಟೇ ಗುಂಡು ಹಾರಿಸಿ ಆರುತ್ತಾ ಇದೆಯೇನೋ ಅನ್ನಿಸಬೇಕು, ಅಷ್ಟೇ ನನ್ನಾಸೆ.

ಇದನ್ನು ಮನೆಗೆ ತಂದವಳು ಮಗಳು ಸಿಂಚನ. ಮೈಸೂರಿನ ಕಾಲೇಜಿನಲ್ಲಿ ಓದುತ್ತಾಳೆ, ಶನಿವಾರ ಬಸ್ಸು ಹತ್ತಿ ಬರುತ್ತಾಳೆ. ಒಂದು ಶನಿವಾರ ರಟ್ಟಿನ ಪೆಟ್ಟಿಗೆಯೊಂದನ್ನು ತಂದಳು. ಒಳಗೆ ತುಂಡು ತುಂಡಾದ ಒಬ್ಬ ಯಂತ್ರಮಾನವ, ಅವನಿಗೊಂದು ದೊಡ್ಡ ಬಂದೂಕು. ಎರಡು ಕಾಲು ಜೋಡಿಸುವಷ್ಟರಲ್ಲಿ ಅವಳ ಉತ್ಸಾಹ ಮುಗಿಯಿತು. ನಮ್ಮ ಮನೆಯಲ್ಲಿ ಅರ್ಧಕ್ಕೆ ಬಿಟ್ಟ ಕೆಲಸಗಳೆಲ್ಲ ಕೊನೆಗೆ ನನ್ನ ತಲೆಗೇ ಬರುತ್ತವೆ, ಇದೂ ಬಂತು. ಅನ್ನ ಚೆಲ್ಲಿದರೆ ಪಾಪ ಎಂದು ಬೆಳೆದ ಜೀವ ನನ್ನದು, ಅರ್ಧ ಮನುಷ್ಯನನ್ನು ಚೆಲ್ಲುವುದು ಹೇಗೆ? ಅವನನ್ನು ಜೋಡಿಸಿ ನಿಲ್ಲಿಸಿದೆ. ಕೈಗೆ ಬಂದೂಕು ಕೊಟ್ಟೆ. ಬಂದೂಕು ಬೂದಿ ಬಣ್ಣದ ಸೋಪಿನ ತುಂಡಿನ ಹಾಗಿತ್ತು. ನನಗೆ ಸಹಿಸಲಾಗಲಿಲ್ಲ. ಕಬ್ಬಿಣ ಹೀಗಿರುವುದಿಲ್ಲ ಎಂದು ನನ್ನೊಳಗೆ ಯಾರೋ ಗೊಣಗಿದರು.

ಮೊದಲ ಪ್ರಯತ್ನದಲ್ಲಿ ಬೆಳ್ಳಿ ಬಣ್ಣ ಬಳಿದು ಅದರ ಮೇಲೆ ನೀಲಿ, ನೇರಳೆ, ಹಳದಿ ಹಚ್ಚಿದೆ. ಆರಿದ ಮೇಲೆ ನೋಡಿದರೆ ಸಂಕ್ರಾಂತಿಗೆ ಸಿಂಗರಿಸಿದ ಎತ್ತಿನ ಕೊಂಬು! ಎರಡನೆಯದು ಬತ್ತಾಸಿನಂತಾಯಿತು. ಮೂರನೆಯದನ್ನು ನೋಡಿ ನಮ್ಮ ಯಜಮಾನರು "ಇದೇನು, ಬಂದೂಕಿಗೆ ಪೆಟ್ಟು ಬಿದ್ದು ಬಾತ್ಕಂಡದೆ" ಎಂದರು. ಆಮೇಲೆ ಮೊಬೈಲಿನಲ್ಲಿ ಯಾವುದೋ ದೇಶದ ಒಬ್ಬ ಗಡ್ಡದವನ ವಿಡಿಯೋಗಳನ್ನು ನೋಡತೊಡಗಿದೆ. ಅವನ ಭಾಷೆ ಅರ್ಧ ತಿಳಿಯುತ್ತಿರಲಿಲ್ಲ, ಕೈ ಪೂರ್ತಿ ತಿಳಿಯುತ್ತಿತ್ತು. ಅವನಿಂದ ಕಲಿತದ್ದಿಷ್ಟು. ತಳಕ್ಕೆ ಹೊಳೆಯುವ ಕಪ್ಪು, ಅದರ ಮೇಲೆ ಬೆಳ್ಳಿ. ಆಮೇಲಿನ ಬಣ್ಣಗಳು ಮಾತ್ರ ಗಾಜಿನ ಬಳೆಯ ಹಾಗೆ ಕೆಳಗಿನದನ್ನು ತೋರಿಸುವಂಥವು ಇರಬೇಕು. ಅವನ್ನು ನೀರು ನೀರಾಗಿ ಮಾಡಿ, ಹಚ್ಚಿ, ಆರಲು ಬಿಟ್ಟು, ಮತ್ತೆ ಹಚ್ಚಿ, ಮತ್ತೆ ಬಿಟ್ಟು, ಹೀಗೆ ಹತ್ತು ಸಲ. ಅವಸರ ಮಾಡಿ ಒಂದೇ ಸಲಕ್ಕೆ ದಪ್ಪಗೆ ಬಳಿದರೆ ಎತ್ತಿನ ಕೊಂಬು. ಕೊನೆಗೆ ನಳಿಗೆಯ ಬಾಯಿಗೆ ಹೊಗೆಯ ಮಸಿ. ಗಡ್ಡದವನು ಅದಕ್ಕೊಂದು ಪುಡಿ ಕೊಳ್ಳಿ ಎಂದ. ನಾನು ಕಾಡಿಗೆ ಡಬ್ಬಿ ತೆಗೆದೆ. ಪೆನ್ಸಿಲ್ಲಿನ ಸೀಸವನ್ನು ಪುಡಿ ಮಾಡಿ ಬೆರಳಿನಿಂದ ತಿಕ್ಕಿದರೆ ಕಬ್ಬಿಣದ ಮಿರುಗು ಬರುತ್ತದೆ ಎಂಬುದು ನನ್ನದೇ ಸಂಶೋಧನೆ. ಮಕ್ಕಳ ಪೆನ್ಸಿಲ್ ಚೂಪು ಮಾಡಿಕೊಡುವ ಮೇಡಂಗೆ ಸೀಸದ ಪುಡಿಗೆ ಏನು ಕೊರತೆ.

ಬಣ್ಣ ಹಚ್ಚುವುದಕ್ಕಿಂತ ಕಷ್ಟದ ಕೆಲಸ ನೋಡುವುದು. ಒಂದು ಸಂಜೆ ಹುಣಸೂರು ಬಸ್ ಸ್ಟಾಂಡಿನ ಹೊರಗೆ ಒಂದು ದೊಡ್ಡ ಬೈಕು ನಿಂತಿತ್ತು. ಅದರ ಪೈಪಿನ ಬಾಗಿನಲ್ಲಿ ನೇರಳೆ ಮುಗಿದು ನೀಲಿ ಶುರುವಾಗುವ ಜಾಗ ಎಷ್ಟು ಚೆನ್ನಾಗಿತ್ತೆಂದರೆ ನಾನು ತರಕಾರಿ ಚೀಲ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ನೋಡತೊಡಗಿದೆ. ಬೈಕಿನವನು ಟೀ ಲೋಟ ಹಿಡಿದು ಓಡಿ ಬಂದ.

"ಏನ್ ಮೇಡಂ, ಏನಾದ್ರೂ ಬಿದ್ದೋಯ್ತಾ?"

"ಇಲ್ಲಪ್ಪ, ಬಣ್ಣ ನೋಡ್ತಿದ್ದೆ."

ಅವನು ನನ್ನನ್ನು, ಪೈಪನ್ನು, ಮತ್ತೆ ನನ್ನನ್ನು ನೋಡಿದ. "ಅದು ಹೀಟ್‌ಗೆ ಹಂಗಾಗದೆ ಮೇಡಂ. ಶೋರೂಮ್ನಾಗೆ ಬದ್ಲಾಯಿಸ್ಕೊಡಿ ಅಂದ್ರೆ ಆಗಾಕಿಲ್ಲ ಅಂದ್ರು" ಎಂದು ಬೇಜಾರಿನಿಂದ ಹೇಳಿದ.

"ಬದಲಾಯಿಸಬೇಡಪ್ಪ, ಇದಕ್ಕೇ ನಿನ್ನ ಬೈಕು ಚೆಂದ" ಎಂದೆ. ಅವನು ಆಮೇಲೆ ಬೈಕನ್ನು ನನ್ನಿಂದ ಸ್ವಲ್ಪ ದೂರಕ್ಕೆ ತಳ್ಳಿಕೊಂಡು ಹೋಗಿ ನಿಲ್ಲಿಸಿದ. ಪಿರಿಯಾಪಟ್ಟಣದ ಕಡೆಯ ನನ್ನ ಸಹೋದ್ಯೋಗಿಯೊಬ್ಬರು ಮನೆಗೆ ಊಟಕ್ಕೆ ಕರೆದಾಗಲೂ ಹೀಗೇ ಆಯಿತು. ಹೊಗೆಸೊಪ್ಪು ಒಣಗಿಸುವ ಅವರ ಬ್ಯಾರನ್ನಿನೊಳಗೆ, ಒಲೆಯಿಂದ ಬಿಸಿ ಹರಿಯುವ ತಗಡಿನ ಕೊಳವೆಗಳ ಮುಂದೆ ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂತೆ. ಮುದ್ದೆ ಆರಿ ಹೋಯಿತು. ಅವರು ಇನ್ನೂ ಮಾತಾಡಿಸುತ್ತಾರೆ ಎಂಬುದು ಅವರ ದೊಡ್ಡತನ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಗಡ್ಡದವನು ಕುಂಚ ಹಿಡಿಯುವುದನ್ನು ಕಲಿಸಿದ, ನಿಜ. ಆದರೆ ಯಾವ ಬಣ್ಣದ ಪಕ್ಕ ಯಾವುದು ಬರುತ್ತದೆ ಎಂದು ಅವನು ಹೇಳಿಕೊಡುವ ಮೊದಲೇ ನನಗೆ ಗೊತ್ತಿತ್ತು. ಬೆಂಕಿಗೆ ಹತ್ತಿರ ನೀಲಿ, ಆಮೇಲೆ ನೇರಳೆ, ಆಮೇಲೆ ಕಂದು, ದೂರಕ್ಕೆ ತಿಳಿಹಳದಿ. ಇದು ತಪ್ಪಿದರೆ ಹಚ್ಚಿದ್ದನ್ನೆಲ್ಲ ಒರೆಸಿ ಮತ್ತೆ ಶುರು ಮಾಡುತ್ತೇನೆ. ಏಕೆಂದರೆ ನಾನು ಕಮ್ಮಾರನ ಮಗಳು.

ನಮ್ಮಪ್ಪನ ಕುಲುಮೆ ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದ ಹತ್ತಿರವಿತ್ತು. ಸುತ್ತಲಿನ ಊರುಗಳ ಕುಡುಗೋಲು, ಮಚ್ಚು, ಕೊಡಲಿ, ಉಳಿ ಎಲ್ಲ ಅಲ್ಲಿಗೇ ಬರುತ್ತಿದ್ದವು. ಅಪ್ಪನ ಮಚ್ಚಿಗೆ ಒಳ್ಳೆಯ ಹೆಸರಿತ್ತು. ಅಲಗಿನ ಬಾಯಿ ಚಕ್ಕೆ ಏಳುವುದಿಲ್ಲ, ಬಾಗುವುದೂ ಇಲ್ಲ ಎಂದು ಜನ ಹೇಳುತ್ತಿದ್ದರು. ಚಕ್ಕೆ ಏಳುವುದೂ ಬಾಗುವುದೂ ಹದದ ಮಾತು. ಕಬ್ಬಿಣವನ್ನು ಕೆಂಪಗೆ ಕಾಯಿಸಿ, ಬಡಿದು, ಬಾಯಿಯನ್ನಷ್ಟೇ ನೀರಿಗೆ ಅದ್ದಿ ಹೊರಗೆಳೆಯುತ್ತಾರೆ. ಆಗ ಅದು ಗಾಜಿನಷ್ಟು ಗಡಸು, ಹಾಗೇ ಬಿಟ್ಟರೆ ಮುರಿಯುತ್ತದೆ. ಬಾಯನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿಕೊಂಡು ಕಾಯಬೇಕು. ಹಿಂಭಾಗದಲ್ಲಿ ಉಳಿದ ಬಿಸಿ ಬಾಯಿಯ ಕಡೆಗೆ ಮೆಲ್ಲಗೆ ಹರಿದು ಬರುತ್ತದೆ, ಬರುವಾಗ ಬಣ್ಣ ಹೊತ್ತು ತರುತ್ತದೆ. ಬೇಕಾದ ಬಣ್ಣ ಅಂಚಿಗೆ ಮುಟ್ಟಿದ ಗಳಿಗೆಗೆ ಮತ್ತೆ ಅದ್ದಬೇಕು. ಗಳಿಗೆ ತಪ್ಪಿದರೆ ಕೆಲಸ ಕೆಟ್ಟಿತು.

ನಮ್ಮ ಕುಲುಮೆಯಲ್ಲಿ ಆ ಬಣ್ಣಗಳಿಗೆ ಮನೆಯ ಹೆಸರುಗಳಿದ್ದವು. ಮೊದಲು ಒಣಹುಲ್ಲು, ಆಮೇಲೆ ಬೆಲ್ಲ, ಆಮೇಲೆ ನೇರಳೆಹಣ್ಣು, ಕೊನೆಗೆ ನವಿಲು. ಉಳಿಗೆ ಒಣಹುಲ್ಲು ಸಾಕು, ಮಚ್ಚಿಗೆ ಬೆಲ್ಲ ಬರಬೇಕು, ಕೊಡಲಿಗೆ ನೇರಳೆ. ನವಿಲು ಬಂದರೆ ಕಬ್ಬಿಣ ಮೆತ್ತಗಾಯಿತು ಎಂದರ್ಥ, ಮತ್ತೆ ಮೊದಲಿನಿಂದ ಕಾಯಿಸಬೇಕು. ನನಗೆ ಒಂಬತ್ತು ವರ್ಷವಾದಾಗ ತಾತ ತೀರಿಕೊಂಡರು. ಅವರು ಕೂರುತ್ತಿದ್ದ ಜಾಗದಲ್ಲಿ ಅಪ್ಪ ನನ್ನನ್ನು ಕೂರಿಸಿದ. ಶಾಲೆಯಿಂದ ಬಂದವಳು ಬೆಂಕಿಗೆ ಗಾಳಿ ಊದುವ ತಿದಿ ಒತ್ತುತ್ತಿದ್ದೆ, ಹದ ಹಾಕುವ ಹೊತ್ತಿಗೆ ಎದ್ದು ಕಬ್ಬಿಣದ ಪಕ್ಕ ಬಗ್ಗುತ್ತಿದ್ದೆ. ಅಪ್ಪ ಇಕ್ಕಳದಲ್ಲಿ ಮಚ್ಚು ಹಿಡಿದು, ಮುಖವನ್ನು ನೀರಿನ ತೊಟ್ಟಿಯ ಕಡೆ ತಿರುಗಿಸಿ ಕೇಳುತ್ತಿದ್ದ.

"ಯಾವ್ ಬಣ್ಣ ಬಂತು ಹೇಳ್ಮಗ?"

"ಒಣಹುಲ್ಲು ಬತ್ತಾ ಅದೆ. ಈಗ ಬೆಲ್ಲ. ಅದ್ದು!"

ಚುಂಯ್ ಎಂದು ನೀರು ಕೂಗುತ್ತಿತ್ತು. ಅಪ್ಪ "ಹ್ಞೂಂ" ಎನ್ನುತ್ತಿದ್ದ. ಅಷ್ಟೇ. ಸರಿ ಎಂದಿಲ್ಲ, ತಪ್ಪು ಎಂದಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ನನ್ನನ್ನು ಕೇಳುತ್ತಾನೆ, ಪರೀಕ್ಷೆ ಮಾಡುತ್ತಿದ್ದಾನೆ ಎಂದು ನಾನು ತಿಳಿದಿದ್ದೆ. ಶಾಲೆಯಲ್ಲಿ ಮೇಷ್ಟರೂ ಹಾಗೇ ಅಲ್ಲವೇ, ಏಳೆಂಟಲೆ ಎಷ್ಟು ಎಂದು ಗೊತ್ತಿಲ್ಲದೆ ಕೇಳುತ್ತಾರೆಯೇ? ಆದರೆ ಮೇಷ್ಟರು ಒಮ್ಮೊಮ್ಮೆಯಾದರೂ 'ಶಹಬ್ಬಾಸ್' ಎನ್ನುತ್ತಿದ್ದರು. ಅಪ್ಪನ ಪರೀಕ್ಷೆಗೆ ಮಾತ್ರ ಫಲಿತಾಂಶವೇ ಬರಲಿಲ್ಲ.

ಯಾಕೆ ಬರಲಿಲ್ಲ ಎಂಬುದಕ್ಕೆ ನನ್ನ ಬಳಿ ಒಂದು ಕಾರಣವಿತ್ತು. ಅದನ್ನು ನಾನು ಯಾರಿಗೂ ಹೇಳಿದವಳಲ್ಲ, ನಮ್ಮ ಯಜಮಾನರಿಗೂ ಹೇಳಿರಲಿಲ್ಲ.

ನನಗೆ ಆಗ ಹನ್ನೊಂದು ವರ್ಷ. ಮರಿಗೌಡರು ಎಂಬವರ ಮಚ್ಚು ಕಾದಿತ್ತು. ಎಳನೀರು ಕೆತ್ತುವುದಕ್ಕೆಂದು ಅವರು ಆಸೆಪಟ್ಟು ಮಾಡಿಸುತ್ತಿದ್ದದ್ದು. ಬಣ್ಣ ಓಡುತ್ತಿದ್ದಾಗ ರಸ್ತೆಯಲ್ಲಿ ಕಬ್ಬು ತುಂಬಿದ ಗಾಡಿ ಹೋಯಿತು. ನನ್ನ ಜೊತೆಯ ಹುಡುಗಿಯರು ಹಿಂದೆ ಓಡಿ ಜಲ್ಲೆ ಎಳೆಯುತ್ತಿದ್ದರು. ಒಬ್ಬಳು ಎಳೆದೇಬಿಟ್ಟಳು. ನಾನು ಅತ್ತ ನೋಡಿ ಇತ್ತ ತಿರುಗುವಷ್ಟರಲ್ಲಿ ಬೆಲ್ಲ ಬಂದು, ನೇರಳೆಯೂ ಹೋಗಿ, ಅಂಚಿನಲ್ಲಿ ನವಿಲು ಕೂತಿತ್ತು. "ಏನ್ ಬಂತು?" ಎಂದು ಅಪ್ಪ ಕೇಳಿದ. ನವಿಲು ಎಂದಿದ್ದರೆ ಮತ್ತೆ ಕಾಯಿಸುತ್ತಿದ್ದ, ಅಷ್ಟೇ. ಬೈಯುತ್ತಿರಲಿಲ್ಲ. ಆದರೂ ನನ್ನ ಬಾಯಲ್ಲಿ "ಬೆಲ್ಲ, ಅದ್ದು" ಎಂದು ಬಂತು. ಅಪ್ಪ ಅದ್ದಿದ. "ಹ್ಞೂಂ" ಎಂದ.

ಹತ್ತು ದಿನಕ್ಕೆ ಮರಿಗೌಡರು ಮಚ್ಚು ತಂದು ಕುಲುಮೆಯ ಮುಂದೆ ಎಸೆದರು. ಬಾಯಿ ಮಡಿಸಿಕೊಂಡಿತ್ತು. ನಾಲ್ಕು ಜನರ ಮುಂದೆ "ಏನ್ ಆಚಾರ್ರೇ, ಕಬ್ಣದಾಗೆ ಮಾಡಿದ್ರೋ ಬಾಳೆದಿಂಡ್ನಾಗೆ ಮಾಡಿದ್ರೋ?" ಎಂದರು. ಅಪ್ಪ ಮಚ್ಚನ್ನು ಎತ್ತಿಕೊಂಡು, "ಇದ್ಲು ಸರಿಯಿರ್ನಿಲ್ಲ ಗೌಡ್ರೇ, ಬೇರೆ ಮಾಡ್ಕೊಡ್ತೀನಿ" ಎಂದ. ನಾನು ತಿದಿಯ ಹಿಂದೆ ಕೂತಿದ್ದೆ. ಅಪ್ಪ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವನಿಗೆ ಎಲ್ಲ ಗೊತ್ತು, ಮಗಳ ಮಾನ ಉಳಿಸಲು ತಪ್ಪನ್ನು ಇದ್ದಿಲಿನ ಮೇಲೆ ಹಾಕಿದ ಎಂದು ನಾನು ನಂಬಿದೆ. ಹೆಸರು ಹೊತ್ತ ಮನುಷ್ಯ ನಾಲ್ಕು ಜನರ ಮುಂದೆ ಬೈಸಿಕೊಂಡು ನನ್ನನ್ನು ಕಾಪಾಡಿದ. ಅದಕ್ಕೆ ನಾನು ಇಡೀ ಜೀವನ ಕೃತಜ್ಞಳಾಗಿದ್ದೆ. ಜೊತೆಗೆ, ಸುಳ್ಳು ಹೇಳಿದವಳಿಗೆ ಶಹಬ್ಬಾಸ್ ಯಾಕೆ ಸಿಗುತ್ತದೆ ಎಂದು ಆಸೆಯನ್ನೂ ಬಿಟ್ಟಿದ್ದೆ. ಬಿಟ್ಟಿದ್ದೆ ಎಂದುಕೊಂಡಿದ್ದೆ, ಎಂದರೆ ಸರಿ.

ಮೂರು ವರ್ಷದ ಹಿಂದೆ ಅವ್ವ ಹೋದ ಮೇಲೆ ಅಪ್ಪ ನಮ್ಮ ಮನೆಗೆ ಬಂದ. ಕುಲುಮೆ ಅದಕ್ಕೂ ಮೊದಲೇ ಆರಿತ್ತು. ಹುಣಸೂರು ಅವನಿಗೆ ಒಗ್ಗಿದೆ. ಬೆಳಿಗ್ಗೆ ಲಕ್ಷ್ಮಣತೀರ್ಥದ ಸೇತುವೆವರೆಗೆ ನಡೆದು ಬರುತ್ತಾನೆ, ಅಳಿಯನ ಅಂಗಡಿಯಲ್ಲಿ ಕೂತು ಜೆರಾಕ್ಸ್ ಯಂತ್ರದಿಂದ ಬಿಸಿ ಕಾಗದ ಹೊರಬರುವುದನ್ನು ನೋಡುತ್ತಾನೆ. ನಾನು ಆಯುಧಗಳಿಗೆ ಬಣ್ಣ ಹಚ್ಚುವಾಗ ಪಕ್ಕದಲ್ಲಿ ಬಂದು ಕೂರುತ್ತಾನೆ. ಮುಗಿದ ಪ್ರತಿಯೊಂದನ್ನೂ ಅವನ ಅಂಗೈ ಮೇಲೆ ಇಡುತ್ತೇನೆ. ಅವನು ಉಗುರಿನಿಂದ ಬಾಯಿ ಸವರಿ, ಹಿಡಿಯನ್ನು ತೂಗಿ, "ಮೊನೆ ಸರ್ಯಾಗದೆ. ಇಡಿ ಒಸಿ ದಪ್ಪ ಆಯ್ತು" ಎನ್ನುತ್ತಾನೆ. ಬಣ್ಣದ ವಿಷಯಕ್ಕೆ ಬರುವುದೇ ಇಲ್ಲ. ಫಿರಂಗಿಯ ಬಾಯಿಗೆ ಹದಿನೈದು ಪದರ ಹಚ್ಚಿ, ಮೊಬೈಲಿನಲ್ಲಿ ಫೋಟೋ ಹಾಕಿ, ಗುರುತಿಲ್ಲದ ಊರುಗಳ ಜನ ಕೊಂಡಾಡಿದ್ದನ್ನು ಓದಿ ಹೇಳಿದೆ. "ಚಕ್ರ ನೆಟ್ಟಗದೆ" ಎಂದ. ನನಗೆ ಅಳು ಬಂತು. ಈ ವಯಸ್ಸಿನಲ್ಲಿ ಅಪ್ಪ ಹೊಗಳಲಿಲ್ಲ ಎಂದು ಅಳುವುದು ಚೆಂದವಲ್ಲ ಎಂದು ಈರುಳ್ಳಿ ಹೆಚ್ಚಲು ಕೂತೆ.

ಹೋದ ಆಯುಧಪೂಜೆಗೆ ಗಟ್ಟಿ ಮನಸ್ಸು ಮಾಡಿದೆ. ಈ ಸಲ ಬಂದೂಕಲ್ಲ, ಫಿರಂಗಿಯಲ್ಲ. ಅಪ್ಪನ ಮಚ್ಚನ್ನೇ ಮಾಡಬೇಕು. ಪೆಟ್ಟಿಗೆಯಲ್ಲಿ ಅಂಥದ್ದು ಬರುವುದಿಲ್ಲವಾದ್ದರಿಂದ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಮರಳುಕಾಗದದಲ್ಲಿ ಉಜ್ಜಿ, ಎರಡು ಮಚ್ಚು ಮಾಡಿದೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಭಾನುವಾರ ಮಧ್ಯಾಹ್ನಗಳೆಲ್ಲ ಅದಕ್ಕೇ ಹೋದವು. ಬೆನ್ನಿನ ಕಡೆ ನವಿಲು, ನಡುವೆ ನೇರಳೆ, ಸರಿಯಾಗಿ ಅಂಚಿಗೆ ಬಂದು ನಿಂತ ಬೆಲ್ಲ. ನಾನು ಕಣ್ಣಾರೆ ಸಾವಿರ ಸಲ ನೋಡಿದ ಆ ಗಳಿಗೆ. ಕಿಟಕಿಯ ಬೆಳಕಿಗೆ ಹಿಡಿದರೆ ನನಗೇ ನೀರು ಕೂಗಿದ ಹಾಗೆ ಕೇಳಿಸಿತು.

ಹಬ್ಬಕ್ಕೆ ಬಂದಿದ್ದ ಸಿಂಚನ ಎರಡನೆಯ ಮಚ್ಚನ್ನು ತೆಗೆದುಕೊಂಡು ನನ್ನ ಹಾಗೆಯೇ ಹಚ್ಚಿದಳು, ಅಂಚಿಗೆ ಮಾತ್ರ ಬೆಲ್ಲದ ಬದಲು ಗಿಳಿಹಸಿರು. "ಎರಡೂ ತಾತಂಗೆ ತೋರ್ಸಮ್ಮ. ಇದನ್ನ ನೋಡಿ ಎಂಗೆ ಬೈತಾರೆ ಕೇಳನ. ಬಣ್ಣದ ಬಗ್ಗೆ ಬೈಗಳಾದ್ರೂ ಬರ್ಲಿ ಅವ್ರ ಬಾಯಲ್ಲಿ" ಎಂದಳು. ನನಗೂ ಮಾತು ಹಿಡಿಸಿತು. ಹೊಗಳಿಕೆ ಇಲ್ಲದವರಿಗೆ ಬೈಗುಳವೂ ಪ್ರಸಾದ.

ಪೂಜೆಯ ದಿನ ನಮ್ಮ ಯಜಮಾನರ ಸ್ಕೂಟರ್, ಜೆರಾಕ್ಸ್ ಯಂತ್ರದ ಒಂದು ಬಿಡಿಭಾಗ, ಅಪ್ಪನ ಹಳೆಯ ಸುತ್ತಿಗೆ, ನನ್ನ ಕುಂಚಗಳು ಎಲ್ಲಕ್ಕೂ ಕುಂಕುಮವಾಯಿತು. ಬೂದುಗುಂಬಳ ಒಡೆದಾಯಿತು. ಅಪ್ಪ ಜಗಲಿಯ ಮೇಲೆ ಕೂತಿದ್ದ. ನಾನು ಎರಡು ಮಚ್ಚುಗಳನ್ನು ಅವನ ಅಂಗೈಯಲ್ಲಿಟ್ಟೆ.

"ನಿನ್ನವೇ ಕಣಪ್ಪ. ಎಂಗವೆ ಹೇಳು."

ಅಪ್ಪ ಬಹಳ ಹೊತ್ತು ನೋಡಿದ. ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದ. ಒಂದನ್ನು ಬಿಟ್ಟು ಇನ್ನೊಂದನ್ನು ಎರಡು ಬೆರಳಲ್ಲಿ ಎತ್ತಿ ಬಿಸಿಲಿಗೆ ತಿರುಗಿಸಿದ. ಆಮೇಲೆ ನನ್ನ ಮುಖ ನೋಡಿ, ಹುಟ್ಟಿದಾರಭ್ಯ ನಾನು ಕೇಳದ ಮಾತು ಹೇಳಿದ.

"ಚೆನ್ನಾಗದೆ ಕಣವ್ವ. ಬೆಲ್ಲ ಸರ್ಯಾಗಿ ಬಂದದೆ."

ಅವನ ಬೆರಳುಗಳ ನಡುವೆ ಇದ್ದದ್ದು ಗಿಳಿಹಸಿರಿನ ಮಚ್ಚು.

ಸಿಂಚನ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ತಾತ ತಮಾಷೆ ಮಾಡುತ್ತಿದ್ದಾರೆ ಎಂದು ಅವಳೆಣಿಕೆ. ನಾನು ಕಣ್ಣಿನಲ್ಲೇ ಅವಳನ್ನು ಒಳಗೆ ಕಳಿಸಿದೆ. ಅಪ್ಪ ತಮಾಷೆ ಮಾಡುವ ಜೀವವಲ್ಲ. ಹೆಬ್ಬೆರಳಲ್ಲಿ ಆ ಹಸಿರನ್ನು ಮೆಲ್ಲಗೆ ಸವರುತ್ತಿದ್ದ, ಮುಖದಲ್ಲಿ ಮಗುವಿನ ಸಂತೋಷವಿತ್ತು. ಮಗಳು ಬಯಸಿದ ಮಾತನ್ನು ಕೊನೆಗೂ ಹೇಳಿದೆ ಎಂಬ ನೆಮ್ಮದಿ ಇರಬೇಕು. ನಮ್ಮ ಶಾಲೆಗೆ ಕಣ್ಣಿನ ತಪಾಸಣೆಯವರು ಬಂದಾಗ ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸುತ್ತಾರೆ. ಚುಕ್ಕಿಗಳ ನಡುವೆ ಅಂಕಿ ಇರುತ್ತದೆ, ಕೆಲವು ಗಂಡುಮಕ್ಕಳಿಗೆ ಅದು ಕಾಣುವುದಿಲ್ಲ. ಕೆಂಪು, ಕಂದು, ಹಸಿರು ಅವರಿಗೆ ಒಂದೇ ತರಹ, ಕೆಲವರಿಗೆ ನೇರಳೆಯೂ ನೀಲಿಯೂ ಒಂದೇ, ಹುಟ್ಟಿನಿಂದ ಹಾಗೆ. ಪ್ರತಿ ವರ್ಷ ಅಂಥ ಒಬ್ಬಿಬ್ಬರ ಹೆಸರು ಬರೆದುಕೊಳ್ಳುವವಳು ನಾನೇ. ಜಗಲಿಯ ಕಂಬ ಹಿಡಿದು ನಿಂತವಳಿಗೆ ಸಂತೆಯ ನೆನಪಾಯಿತು. ಅಪ್ಪ ತರುತ್ತಿದ್ದ ಟೊಮೆಟೊ ಅರ್ಧಕ್ಕರ್ಧ ಕಾಯಿ ಇರುತ್ತಿದ್ದವು. ಅವ್ವ ಬೈದ ಮೇಲೆ ಒಂದೊಂದನ್ನೂ ಒತ್ತಿ ನೋಡಿ ಕೊಳ್ಳುತ್ತಿದ್ದ. ನನ್ನ ಮದುವೆಯ ಸೀರೆಗಳನ್ನು ಆರಿಸುವಾಗ ಅಂಗಡಿಯವನ ಮುಂದೆ ಬಾಯೇ ಬಿಡಲಿಲ್ಲ, ಜಿಪುಣತನ ಎಂದು ನಾನು ಮುನಿಸಿಕೊಂಡಿದ್ದೆ.

ದಸರಾ ರಜೆ ಮುಗಿದು ಶಾಲೆ ತೆರೆಯುವ ದಿನ ಬೆಳಿಗ್ಗೆ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಕಾಫಿ ಕೊಟ್ಟು ಅವನ ಪಕ್ಕ ಕೂತೆ. ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಕೊನೆಗೆ ಹೇಳಿದೆ.

"ಅಪ್ಪ, ಹಬ್ಬದ ದಿನ ಚೆನ್ನಾಗದೆ ಅಂದ್ಯಲ್ಲ, ಆ ಮಚ್ಚಿನ ಬಾಯಿಗೆ ಹಚ್ಚಿದ್ದು ಹಸಿರು."

ಅಪ್ಪ ಲೋಟ ಊದುವುದನ್ನು ನಿಲ್ಲಿಸಿದ. "ಬೆಲ್ಲ ಅಲ್ವಾ?"

"ಅಲ್ಲ."

ಅವನಿಗೆ ಬೇಜಾರಾಗುತ್ತದೆ ಎಂದು ನಾನು ಹೆದರಿದ್ದೆ. ಅಪ್ಪ ನಕ್ಕುಬಿಟ್ಟ. ಹಲ್ಲಿಲ್ಲದ ಬಾಯಿ ತುಂಬಾ ನಕ್ಕ. "ಸಿಕ್ಕಾಕ್ಕಂಡೆ ಬುಡು. ಇಷ್ಟ್ ವರ್ಸ ಊರಿಗೆಲ್ಲ ತಪ್ಪಿಸ್ಕಂಡಿದ್ದೆ."

ಆಮೇಲೆ ತಾನಾಗಿಯೇ ಹೇಳಿದ. "ಉಟ್ದಾಗ್ಲಿಂದ್ಲೂ ಇಂಗೇಯ ಕಣವ್ವ. ಬೆಲ್ಲ, ಸೊಪ್ಪು ಎಲ್ಲ ಒಂದೇ ತರ ಕಾಣ್ತದೆ. ಬೆಂಕಿ ಬೆಳ್ಕು ಗೊತ್ತಾಯ್ತದೆ, ಕಾದದ್ದು ಗೊತ್ತಾಯ್ತದೆ. ಹದದ ಬಣ್ಣ ಮಾತ್ರ ಕಣ್ಣಿಗೆ ಬೀಳಾಕಿಲ್ಲ. ನಮ್ಮಪ್ಪಂಗೆ ಗೊತ್ತಿತ್ತು. ಇರೋಗಂಟ ಹದ ಅವ್ನೇ ನೋಡ್ತಿದ್ದ. ಕಮ್ಮಾರಂಗೆ ಬಣ್ಣ ಕಾಣಾಕಿಲ್ಲಾಂತ ಗೊತ್ತಾದ್ರೆ ಯಾರು ಮಚ್ಚು ಮಾಡಿಸ್ತಾರೆ ಹೇಳು?"

"ಅಂಗಾದ್ರೆ ನನ್ನ ಕೇಳ್ತಿದ್ದದ್ದು?"

"ಗೊತ್ತಿಲ್ದೇ ಕೇಳ್ತಿದ್ದೆ."

ಪರೀಕ್ಷೆ ಎಂದುಕೊಂಡಿದ್ದೆನಲ್ಲ, ಅದು ಪರೀಕ್ಷೆಯೇ ಆಗಿರಲಿಲ್ಲ. ಒಂಬತ್ತು ವರ್ಷದ ಹುಡುಗಿ ಹೇಳಿದ ಬಣ್ಣಕ್ಕೆ ಆ ಮನುಷ್ಯ ತನ್ನ ಹೆಸರು, ಮನೆಯ ಅನ್ನ ಎಲ್ಲವನ್ನೂ ಒಪ್ಪಿಸಿ ಕೂತಿದ್ದ. ಹಾಗಾದರೆ ಮರಿಗೌಡರ ಮಚ್ಚು? ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಕಬ್ಬಿನ ಗಾಡಿಯಿಂದ ಹಿಡಿದು ಎಲ್ಲ ಹೇಳಿದೆ. ನವಿಲು ಬಂದದ್ದನ್ನು ಬೆಲ್ಲ ಎಂದೆ, ಸುಳ್ಳು ಹೇಳಿದೆ, ನೀನು ಗೊತ್ತಿದ್ದೂ ನನ್ನನ್ನು ಬಿಟ್ಟುಕೊಡಲಿಲ್ಲ ಎಂದುಕೊಂಡಿದ್ದೆ ಎಂದೆ. ಹೇಳುವಾಗ ನನ್ನ ದನಿ ಹನ್ನೊಂದು ವರ್ಷದವಳದೇ ಆಗಿಹೋಗಿತ್ತು.

ಅಪ್ಪ ನಿಜವಾಗಿಯೂ ಬೆರಗಾಗಿ ನನ್ನನ್ನು ನೋಡಿದ. "ಅವತ್ತಾ? ನಾನು ಇದ್ಲೇ ಸರಿಯಿಲ್ಲ ಅಂದ್ಕಂಡೆ ಕಣವ್ವ. ಕೋಟೆ ಕಾಡಿನ ಕಡೆಯಿಂದ ಇದ್ಲು ತರ್ತಿದ್ನಲ್ಲ ಚಿಕ್ಕಣ್ಣ, ಅವ್ನಿಗೆ ಬಾಯಿಗೆ ಬಂದಂಗೆ ಬೈದು ಕಳಿಸ್ದೆ. ಇನ್ನೊಂದು ಸಲ ನನ್ ಕುಲ್ಮೆ ಬಾಗ್ಲಿಗೆ ಬರಬ್ಯಾಡ ಅಂದೆ. ಪಾಪ, ಅವ್ನು ಆಣೆ ಮಾಡ್ದ."

"ನನ್ನ ಮೇಲೆ ಒಂದು ಚೂರೂ ಅನುಮಾನ ಬರ್ಲಿಲ್ವಾ?"

"ನಿನ್ ಮೇಲೆ ಯಾಕ್ ಬತ್ತದೆ?" ಎಂದು ಅಪ್ಪ ಕೇಳಿದ. ಪ್ರಶ್ನೆಯೇ ಅವನಿಗೆ ಅರ್ಥವಾಗಲಿಲ್ಲ.

ನಾನು ಮದುವೆಯಾಗಿ ಬಂದ ಮೇಲೆ ಅಪ್ಪ ಮಚ್ಚು, ಕೊಡಲಿ ಬಿಟ್ಟು ಬಾಗಿಲಿನ ಕೊಂಡಿ, ಅಗುಳಿ, ಕಿಟಕಿಯ ಸರಳುಗಳಿಗೆ ಇಳಿದಿದ್ದ. ಕಾರ್ಖಾನೆಯ ಮಾಲು ಬಂತು, ಹಳೆಯ ಕಸುಬು ನಡೆಯುವುದಿಲ್ಲ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ನಾನೂ ಅದನ್ನೇ ನಂಬಿದ್ದೆ. ಈಗ ಕೇಳಿದೆ, "ಅವ್ವನ್ನ ಕೇಳ್ಬೋದಿತ್ತಲ್ಲಪ್ಪ, ಅವಳ ಕಣ್ಣು ಚೆನ್ನಾಗೇ ಇತ್ತಲ್ಲ?"

"ಕೇಳ್ದೆ. ಅವ್ಳೂ ಸರ್ಯಾಗೇ ಹೇಳ್ತಿದ್ಲು. ನಂಗೇ ದೈರ್ಯ ಸಾಲ್ನಿಲ್ಲ. ಅವ್ಳು ಅದ್ದು ಅಂದ್ರೂ ಕೈ ಅಲ್ಲೇ ನಿಂತ್ಕತಿತ್ತು. ಒಂದೇ ಮಚ್ಚು ಮಾಡಿದ್ದು, ಆಮ್ಯಾಕೆ ಬುಟ್ಬುಟ್ಟೆ." ಅಪ್ಪ ಲೋಟ ಕೆಳಗಿಟ್ಟ. "ನೀನು ಅದ್ದು ಅಂದ್ರೆ ನಾನು ಕಣ್ಮುಚ್ಕಂಡು ಅದ್ತಿದ್ದೆ ಕಣವ್ವ."

ಆ ದಿನ ನಾನು ಶಾಲೆಗೆ ಹೋಗಲಿಲ್ಲ. ರಜೆಯ ಅರ್ಜಿಯಲ್ಲಿ ಜ್ವರ ಎಂದು ಬರೆಯಲು ಹೋಗಿ ಹೊಡೆದುಹಾಕಿದೆ. ಅಪ್ಪನ ಪಕ್ಕ ಕೂತಿರಬೇಕಾಗಿದೆ ಎಂದು, ಇದ್ದದ್ದನ್ನು ಇದ್ದ ಹಾಗೆ ಬರೆದೆ.